ತರಗತಿಗೆ ಬಾನುಲಿ: ತಕ್ಕ ಆಡಿಯೊ ಪ್ಲೇಯರಿನ ಆಯ್ಕೆ ಮತ್ತು ಬಳಕೆ

ಗಡಿನಾಡಿನ ಕನ್ನಡ ಶಾಲೆಯ ಮಗುವಿನ ಕೈಯಲ್ಲಿ ಕನ್ನಡ ಪಠ್ಯಪುಸ್ತಕವಿರುತ್ತದೆ. ಆದರೆ ಅದರ ಕಿವಿಗೆ ಬೀಳುವ ಶಿಷ್ಟ ಕನ್ನಡವೆಂದರೆ ಬಹುಮಟ್ಟಿಗೆ ಒಬ್ಬಿಬ್ಬರು ಶಿಕ್ಷಕರ ಮಾತು ಮಾತ್ರ. ಕಾಸರಗೋಡಿನ ಮಗು ಶಾಲೆಯ ಹೊರಗೆ ತುಳು, ಮಲಯಾಳಗಳನ್ನು ಕೇಳುತ್ತದೆ. ಜತ್ತದ ಮಗು ಮನೆಯಲ್ಲಿ ತನ್ನ ಸೀಮೆಯ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಕೇಳುತ್ತದೆ. ಮಡಕಶಿರದಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು. ಸುದ್ದಿ ಓದುವ ಕನ್ನಡ, ಸಂದರ್ಶನದ ಕನ್ನಡ, ನಾಟಕದ ಕನ್ನಡ, ರೈತನ ಪ್ರಶ್ನೆಗೆ ತಜ್ಞರು ಉತ್ತರ ಹೇಳುವ ಕನ್ನಡ, ಇವು ಪುಸ್ತಕದಿಂದ ಬರುವಂಥವಲ್ಲ. ಪ್ರೌಢಶಾಲೆಯನ್ನು ಮುಗಿಸಿದ ವಿದ್ಯಾರ್ಥಿಯು ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲವನಾದರೂ ನಾಲ್ಕು ಜನರೆದುರು ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಲು ಹಿಂಜರಿಯುವುದುಂಟು. ಕೇಳಿದ್ದು ಕಡಿಮೆಯಾದಲ್ಲಿ ಆಡುವುದೂ ಕಡಿಮೆಯೇ ಆಗುತ್ತದೆ.

ಈ ಕೊರತೆಯನ್ನು ಹಿಂದೆ ಬಾನುಲಿಯು ಸ್ವಲ್ಪಮಟ್ಟಿಗೆ ತುಂಬುತ್ತಿತ್ತು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಎಂಬ ಹೆಸರಿನ ನಿಲಯವನ್ನು ಆರಂಭಿಸಿದರು. ಧಾರವಾಡ ನಿಲಯವು 1950ರಲ್ಲಿ, ಬೆಂಗಳೂರು 1955ರಲ್ಲಿ, ಮಂಗಳೂರು 1976ರಲ್ಲಿ ಬಂದವು. ಇವುಗಳ ಮಧ್ಯಮ ತರಂಗದ ಪ್ರಸಾರಕ್ಕೆ ರಾಜ್ಯದ ಗಡಿ ಅಡ್ಡಿಯಾಗಲಿಲ್ಲ. ಮಧ್ಯಮ ತರಂಗವು ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಾಗುತ್ತದೆ. ಇಳಿಹೊತ್ತಿನ ಬಳಿಕ ಮೇಲಿನ ವಾತಾವರಣದಲ್ಲಿ ಅದನ್ನು ಹೀರಿಕೊಳ್ಳುವ ಪದರವು ಕರಗಿಹೋಗುವುದರಿಂದ, ಇನ್ನೂ ಮೇಲಿನ ಪದರಕ್ಕೆ ತಾಗಿ ಹಿಂದಿರುಗಿ ನೂರಾರು ಕಿಲೋಮೀಟರು ದೂರದವರೆಗೆ ಮುಟ್ಟುತ್ತದೆ. ಎಫ್‌ಎಂ ಪ್ರಸಾರದ ಸ್ವಭಾವವೇ ಬೇರೆ. ಅದರ ಧ್ವನಿ ಸ್ವಚ್ಛ; ಆದರೆ ಅದು ಹೆಚ್ಚುಕಡಿಮೆ ಕಣ್ಣು ಹಾಯುವ ನೇರದಲ್ಲಿ ಮಾತ್ರ ಹರಿಯುವುದರಿಂದ ಒಂದು ಗುಡ್ಡ ಅಡ್ಡ ಬಂದರೂ ಸಾಕು, ಕೇಳಿಸದು. ಮಂಗಳೂರಿನ ಎಫ್‌ಎಂ ಕಾಸರಗೋಡಿನ ಕರಾವಳಿಗೆ ದೊರೆತರೂ ಒಳನಾಡಿನ ಕಣಿವೆಗಳಿಗೆ ದೊರೆಯದಿರುವುದಕ್ಕೆ ಇದೇ ಕಾರಣ. ನೀಲಗಿರಿ, ವಯನಾಡುಗಳ ಸ್ಥಿತಿಯನ್ನು ಬೇರೆ ಹೇಳಬೇಕಾಗಿಲ್ಲ.

ದೊರೆಯುವಲ್ಲಿಯೂ ಇನ್ನೊಂದು ತೊಡಕುಂಟು. ಕಾರ್ಯಕ್ರಮದ ವೇಳೆಗೂ ಶಾಲೆಯ ವೇಳಾಪಟ್ಟಿಗೂ ತಾಳ ಕೂಡುವುದಿಲ್ಲ. ಮಕ್ಕಳ ಕಾರ್ಯಕ್ರಮ ರಜೆಯ ದಿನ ಬರುತ್ತದೆ, ನಾಟಕ ರಾತ್ರಿ ಬರುತ್ತದೆ, ವಾರ್ತೆಯು ಪ್ರಾರ್ಥನೆಯ ಗಂಟೆಗೆ ಮೊದಲೇ ಮುಗಿದಿರುತ್ತದೆ. ಕರ್ನಾಟಕದಲ್ಲಿ ‘ಚಿನ್ನರ ಚುಕ್ಕಿ’ಯಂಥ ಶಾಲಾ ಬಾನುಲಿ ಪಾಠಗಳು ಬಿತ್ತರಗೊಂಡಾಗ ವೇಳಾಪಟ್ಟಿಯನ್ನೇ ಬಾನುಲಿಗೆ ಹೊಂದಿಸಲಾಗಿತ್ತು. ನೆರೆಯ ರಾಜ್ಯದ ಇಲಾಖೆಗೆ ಸೇರಿದ ಕನ್ನಡ ಶಾಲೆಗೆ ಅಂಥ ಅನುಕೂಲವಿಲ್ಲ. ಆದುದರಿಂದ ಬೇಕಾದ ಕಾರ್ಯಕ್ರಮವನ್ನು ಅಂತರ್ಜಾಲದಿಂದ ಪಡೆದು, ಬೇಕಾದ ಗಳಿಗೆಯಲ್ಲಿ, ಬೇಕಾದಷ್ಟು ಸಲ ಕೇಳಿಸುವುದೇ ಉಳಿದ ದಾರಿ. ಆ ಕೆಲಸಕ್ಕೆ ಯಾವ ಪ್ಲೇಯರ್ ತಂತ್ರಾಂಶ ತಕ್ಕದ್ದು ಎಂಬುದು ಈ ಲೇಖನದ ವಿಷಯ.

ಪ್ಲೇಯರ್ ಬೇರೆ, ಸೇವೆ ಬೇರೆ

ತಂತ್ರಾಂಶವನ್ನು ಆರಿಸುವ ಮುನ್ನ ಒಂದು ಭೇದವನ್ನು ಮನಗಾಣಬೇಕು. ಕೆಲವು ತಂತ್ರಾಂಶಗಳು ಶುದ್ಧ ಪ್ಲೇಯರುಗಳು: ಧ್ವನಿಯ ಕಡತವನ್ನೋ ಪ್ರಸಾರದ ವಿಳಾಸವನ್ನೋ ಕೊಟ್ಟರೆ ನುಡಿಸುತ್ತವೆ, ಅಷ್ಟೆ. ಇನ್ನು ಕೆಲವು ಸೇವೆಯ ಬಾಗಿಲುಗಳು: ಯಾವ ನಿಲಯ, ಯಾವ ಕಾರ್ಯಕ್ರಮ ದೊರೆಯಬೇಕೆಂಬುದನ್ನು ಆ ಸೇವೆಯನ್ನು ನಡೆಸುವವರು ತೀರ್ಮಾನಿಸುತ್ತಾರೆ. ಎರಡೂ ಮೊಬೈಲಿನ ಪರದೆಯ ಮೇಲೆ ಒಂದೇ ಬಗೆಯ ಚಿಕ್ಕ ಚಿತ್ರವಾಗಿ ಕಾಣಿಸಿಕೊಳ್ಳುವುದರಿಂದ ಶಿಕ್ಷಕರು ಇವನ್ನು ಒಂದೇ ಎಂದು ಭಾವಿಸುವುದು ಸಹಜ. ಬಾಳಿಕೆಯ ದೃಷ್ಟಿಯಿಂದ ಇವೆರಡರ ಅಂತರ ಬಹು ದೊಡ್ಡದು.

ಕಳೆದ ಮೂವತ್ತು ವರ್ಷಗಳ ಇತಿಹಾಸವು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಂತರ್ಜಾಲದಲ್ಲಿ ಧ್ವನಿಯನ್ನು ಪೂರ್ತಿ ಇಳಿಸಿಕೊಳ್ಳುವವರೆಗೆ ಕಾಯದೆ ಕೇಳುವ ಕ್ರಮವನ್ನು 1995ರಲ್ಲಿ ಬಂದ ರಿಯಲ್ ಆಡಿಯೊ ಜನಪ್ರಿಯಗೊಳಿಸಿತು. ಅದನ್ನು ಕೇಳಲು ಆ ಕಂಪನಿಯದೇ ಪ್ಲೇಯರ್ ಬೇಕಾಗಿತ್ತು. 1997ರಲ್ಲಿ ವಿನ್‌ಆ್ಯಂಪ್ ಬಂತು. ಅದನ್ನು ರಚಿಸಿದವರೇ ಎರಡು ವರ್ಷಗಳ ಬಳಿಕ ಶೌಟ್‌ಕಾಸ್ಟ್ ಎಂಬ ಪ್ರಸಾರ ವಿಧಾನವನ್ನು ಹೊರತಂದಾಗ ಮನೆಯ ಕಂಪ್ಯೂಟರಿನಿಂದಲೇ ಬಾನುಲಿ ನಡೆಸುವವರು ಹುಟ್ಟಿಕೊಂಡರು. ಬಳಿಕ ಜಾಲತಾಣಗಳೊಳಗೆ ಫ್ಲ್ಯಾಶ್ ಪ್ಲೇಯರುಗಳು ತುಂಬಿದವು. 2020ರ ಡಿಸೆಂಬರ್ ಕೊನೆಗೆ ಫ್ಲ್ಯಾಶ್ ನಿಂತಾಗ ಅವನ್ನೇ ನಂಬಿದ್ದ ಎಷ್ಟೋ ಪುಟಗಳು ಮೂಕವಾದವು. ಗೂಗಲ್ ಪಾಡ್‌ಕಾಸ್ಟ್ಸ್ ಎಂಬ ಸೇವೆಯನ್ನು 2024ರಲ್ಲಿ ಮುಚ್ಚಲಾಯಿತು. ಅದರಲ್ಲಿ ಕಾರ್ಯಕ್ರಮಗಳ ಪಟ್ಟಿ ಮಾಡಿಟ್ಟುಕೊಂಡಿದ್ದವರು ಅದನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸಾಗಿಸಲು ಮರೆತವರ ಪಟ್ಟಿ ಹೋಯಿತು. ಆದರೆ ಈ ಅವಧಿಯುದ್ದಕ್ಕೂ ಒಂದು ಎಂಪಿ3 ಕಡತ ಮಾತ್ರ ಎಲ್ಲ ಯಂತ್ರಗಳಲ್ಲಿಯೂ ನುಡಿಯುತ್ತಲೇ ಬಂದಿದೆ. ಅದರ ಮೇಲಿದ್ದ ಪೇಟೆಂಟುಗಳೂ 2017ರ ಹೊತ್ತಿಗೆ ತೀರಿದವು.

ಆದ್ದರಿಂದ ಶಾಲೆಯ ಸಂಗ್ರಹವು ಕಡತಗಳ ರೂಪದಲ್ಲಿ ಶಾಲೆಯಲ್ಲಿಯೇ ಇರಬೇಕು. ಸೇವೆಗಳನ್ನು ಹುಡುಕುವುದಕ್ಕೆ ಮತ್ತು ಹೊಸದನ್ನು ಪಡೆಯುವುದಕ್ಕೆ ಬಳಸಿಕೊಳ್ಳಬೇಕು. ಈ ನಿಯಮವನ್ನು ಪಾಲಿಸಿದರೆ ಯಾವ ಪ್ಲೇಯರನ್ನು ಆರಿಸಿದರೂ ದೊಡ್ಡ ನಷ್ಟವಾಗದು.

ಪ್ರಸಾರವು ತಲುಪುವ ಬಗೆಗಳು

ಅಂತರ್ಜಾಲದ ಬಾನುಲಿ ಮೂರು ಬಗೆಯಲ್ಲಿ ಬರುತ್ತದೆ. ಮೊದಲನೆಯದು ನೇರ ಪ್ರಸಾರ, ಅಂದರೆ ಸ್ಟ್ರೀಮಿಂಗ್. ಇದು ಹರಿಯುವ ನೀರಿನಂತೆ. ತಡವಾಗಿ ಬಂದವರಿಗೆ ಹರಿದುಹೋದದ್ದು ಸಿಗುವುದಿಲ್ಲ. ಇದಕ್ಕೊಂದು ವಿಳಾಸವಿರುತ್ತದೆ. ಆ ವಿಳಾಸವು ಎಂ3ಯು ಅಥವಾ ಪಿಎಲ್‌ಎಸ್ ಎಂಬ ಚಿಕ್ಕ ಕಡತದೊಳಗೆ ಅಡಗಿರುವುದುಂಟು. ಇಳಿಸಿಕೊಂಡ ಕಡತವು ಒಂದು ಕಿಲೋಬೈಟಿನಷ್ಟೂ ಇಲ್ಲದಿರುವುದನ್ನು ಕಂಡು ‘ಕಾರ್ಯಕ್ರಮವೇ ಇಳಿಯಲಿಲ್ಲ’ ಎಂದು ಕೆಲವರು ಅಳಿಸಿಬಿಡುತ್ತಾರೆ. ಅದು ಕಾರ್ಯಕ್ರಮವಲ್ಲ, ಕಾರ್ಯಕ್ರಮವಿರುವ ಮನೆಯ ವಿಳಾಸ ಮಾತ್ರ. ಪ್ಲೇಯರಿನಲ್ಲಿ ತೆರೆದರೆ ಪ್ರಸಾರ ಕೇಳಿಸುತ್ತದೆ. 2009ರ ಬಳಿಕ ಬಂದ ಎಚ್‌ಎಲ್‌ಎಸ್ ಎಂಬ ವಿಧಾನದಲ್ಲಿ ಪ್ರಸಾರವನ್ನು ಕೆಲವು ಸೆಕೆಂಡುಗಳ ತುಣುಕುಗಳನ್ನಾಗಿ ಕತ್ತರಿಸಿ ಒಂದೊಂದಾಗಿ ಕಳುಹಿಸುತ್ತಾರೆ. ಅದರಲ್ಲಿ ಪ್ರಸಾರವು ಮೂಲಕ್ಕಿಂತ ಸ್ವಲ್ಪ ಹಿಂದೆ ಓಡುತ್ತದೆ. ಬಾನುಲಿಯ ಗಂಟೆಯ ಸದ್ದಿಗೆ ಶಾಲೆಯ ಗಡಿಯಾರವನ್ನು ಸರಿಪಡಿಸುವ ಹಳೆಯ ಪದ್ಧತಿಯನ್ನು ಮೊಬೈಲಿನ ಬಾನುಲಿಯೊಡನೆ ಮುಂದುವರಿಸಬಾರದು.

ಎರಡನೆಯದು, ನಿಲಯವು ತನ್ನ ತಾಣದಲ್ಲಿ ಇರಿಸಿದ ಧ್ವನಿಮುದ್ರಿತ ಕಾರ್ಯಕ್ರಮ. ಮೂರನೆಯದು ಪಾಡ್‌ಕಾಸ್ಟ್: ಹೊಸ ಕಂತು ಸೇರಿದ ಕೂಡಲೇ ತಂತ್ರಾಂಶಕ್ಕೆ ತಿಳಿಯುವಂತೆ ಆರ್‌ಎಸ್‌ಎಸ್ ಎಂಬ ಪಟ್ಟಿಯೊಡನೆ ಪ್ರಕಟವಾಗುವ ಸರಣಿ. ಕನ್ನಡದಲ್ಲಿ 2019ರಿಂದ ಬರುತ್ತಿರುವ ‘ತಲೆ-ಹರಟೆ’ಯಂಥ ಸರಣಿಗಳು ಈ ಬಗೆಯವು. ಅವು ದೊಡ್ಡವರಿಗಾಗಿ ನಡೆಸಿದ ಸಂಭಾಷಣೆಗಳಾದುದರಿಂದ ಶಿಕ್ಷಕರು ಮೊದಲು ತಾವು ಪೂರ್ತಿ ಕೇಳಿ, ಪ್ರೌಢಶಾಲೆಗೆ ಒಪ್ಪುವ ಭಾಗವನ್ನು ಮಾತ್ರ ಆರಿಸಬೇಕು.

ಡೇಟಾ ಖರ್ಚಿನ ಲೆಕ್ಕವೂ ಸುಲಭವೇ. ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಬರುವ ಪ್ರಸಾರವು ಗಂಟೆಗೆ ಸುಮಾರು 29 ಮೆಗಾಬೈಟುಗಳನ್ನು ಬಳಸುತ್ತದೆ. 128 ಕಿಲೋಬಿಟ್ ಆದರೆ ಅದರ ಎರಡರಷ್ಟು. ಮಾತಿನ ಕಾರ್ಯಕ್ರಮಕ್ಕೆ 64 ಧಾರಾಳವಾಗಿ ಸಾಕು. ಅದೇ ಕಾರ್ಯಕ್ರಮವನ್ನು ಯೂಟ್ಯೂಬಿನಲ್ಲಿ ಕೇಳಿದರೆ ಅಲುಗಾಡದ ಚಿತ್ರವೊಂದಕ್ಕಾಗಿ ಹೆಚ್ಚು ಡೇಟಾ ವೆಚ್ಚವಾಗುತ್ತದೆ, ಜೊತೆಗೆ ನಾಟಕದ ನಡುವೆ ಜಾಹೀರಾತು ನುಗ್ಗುತ್ತದೆ. ಆಕಾಶವಾಣಿಯ ಹಲವು ನಿಲಯಗಳು ಯೂಟ್ಯೂಬಿನಲ್ಲಿಯೂ ಕಾರ್ಯಕ್ರಮಗಳನ್ನು ಇರಿಸುವುದರಿಂದ ಅದನ್ನು ತೀರ ಬಿಡುವಂತಿಲ್ಲ. ಆದರೆ ಮಕ್ಕಳೆದುರು ಮೊದಲ ಆಯ್ಕೆಯಾಗಿ ಅದು ಸಲ್ಲದು.

ಕಂಪ್ಯೂಟರಿಗೆ: ವಿಎಲ್‌ಸಿ

ಶಾಲೆಯ ಕಂಪ್ಯೂಟರಿಗೆ ಒಂದೇ ಪ್ಲೇಯರನ್ನು ಹೆಸರಿಸಬೇಕಾದರೆ ವಿಎಲ್‌ಸಿಯನ್ನೇ ಹೆಸರಿಸಬೇಕು. ಪ್ಯಾರಿಸಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 1996ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು 2001ರಿಂದ ಸ್ವತಂತ್ರ ತಂತ್ರಾಂಶವಾಗಿದೆ. ಲಾಭದ ಉದ್ದೇಶವಿಲ್ಲದ ವಿಡಿಯೊಲ್ಯಾನ್ ಸಂಸ್ಥೆಯು ಇದನ್ನು ನೋಡಿಕೊಳ್ಳುತ್ತದೆ. ಜಾಹೀರಾತಿಲ್ಲ, ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ವಿಂಡೋಸ್, ಲಿನಕ್ಸ್, ಆ್ಯಂಡ್ರಾಯ್ಡ್ ಮೂರರಲ್ಲಿಯೂ ಓಡುತ್ತದೆ. ಕಾಸರಗೋಡು, ವಯನಾಡುಗಳ ಶಿಕ್ಷಕರಿಗೆ ಇದು ಮುಖ್ಯವಾದ ಸಂಗತಿ; ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕೈಟ್ ಸಂಸ್ಥೆಯ ವ್ಯವಸ್ಥೆಯು ಉಬುಂಟು ಲಿನಕ್ಸನ್ನು ಆಧರಿಸಿದ್ದು, ವಿಂಡೋಸಿಗಾಗಿ ರಚಿತವಾದ ಫೂಬಾರ್2000ದಂಥ ಪ್ಲೇಯರುಗಳು, ಅವು ಎಷ್ಟೇ ಚೆನ್ನಾಗಿದ್ದರೂ, ಅಲ್ಲಿ ನೇರವಾಗಿ ಓಡವು.

ವಿಎಲ್‌ಸಿಯನ್ನು ವಿಡಿಯೊಲ್ಯಾನ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಬೇಕು. ಅದೇ ಕಿತ್ತಳೆ ಬಣ್ಣದ ಶಂಕುವಿನ ಚಿತ್ರವನ್ನು ಹಚ್ಚಿಕೊಂಡ ನಕಲಿ ತಾಣಗಳಿವೆ. 2022ರಲ್ಲಿ ಕೆಲವು ತಿಂಗಳ ಕಾಲ ಆ ಸಂಸ್ಥೆಯ ತಾಣವೇ ಭಾರತದಲ್ಲಿ ತೆರೆಯದೆ, ನವೆಂಬರ್ ತಿಂಗಳಲ್ಲಿ ನಿರ್ಬಂಧ ತೆರವಾಯಿತು. ಅಂಥ ಸಂದರ್ಭಕ್ಕಾಗಿ ಅನುಸ್ಥಾಪನೆಯ ಕಡತದ ಒಂದು ಪ್ರತಿಯನ್ನು ಶಾಲೆಯ ಪೆನ್‌ಡ್ರೈವಿನಲ್ಲಿ ಇರಿಸಿಕೊಂಡಿರುವುದು ಲೇಸು.

ನೇರ ಪ್ರಸಾರವನ್ನು ತೆರೆಯಲು ಕಂಟ್ರೋಲ್ ಕೀಲಿಯೊಡನೆ ಎನ್ ಕೀಲಿಯನ್ನು ಒತ್ತಿ, ಕಾಣಿಸಿಕೊಂಡ ಪೆಟ್ಟಿಗೆಯಲ್ಲಿ ಪ್ರಸಾರದ ವಿಳಾಸವನ್ನು ಅಂಟಿಸಿದರಾಯಿತು. ವಿಳಾಸವನ್ನು ಹುಡುಕಲು ರೇಡಿಯೊ ಬ್ರೌಸರ್ ಎಂಬ ಸಾರ್ವಜನಿಕ ಪಟ್ಟಿಯು ನೆರವಾಗುತ್ತದೆ. ಕೇಳುಗರೇ ಸೇರಿಸಿ ಬೆಳೆಸಿದ ಈ ಪಟ್ಟಿಯಲ್ಲಿ ಭಾಷೆಯ ಪ್ರಕಾರ ನಿಲಯಗಳನ್ನು ನೋಡಬಹುದು. ಕೇಳುಗರು ಸೇರಿಸಿದ್ದಾದುದರಿಂದ ಕೆಲವು ವಿಳಾಸಗಳು ಹಳತಾಗಿರುತ್ತವೆ. ಒಂದು ತೆರೆಯದಿದ್ದರೆ ಇನ್ನೊಂದನ್ನು ನೋಡಬೇಕು. ಸರಿಯಾಗಿ ಕೇಳಿಸುವ ನಾಲ್ಕೈದು ನಿಲಯಗಳನ್ನು ಪಟ್ಟಿಗೆ ಸೇರಿಸಿ, ಕಂಟ್ರೋಲ್ ಮತ್ತು ವೈ ಕೀಲಿಗಳಿಂದ ಒಂದು ಕಡತವಾಗಿ ಉಳಿಸಿದರೆ, ಮುಂದೆ ಆ ಕಡತವನ್ನು ಎರಡು ಸಲ ಒತ್ತಿದಷ್ಟಕ್ಕೇ ನಿಲಯಗಳು ಸಿದ್ಧವಾಗುತ್ತವೆ. ಈ ಕಡತವನ್ನು ನೆರೆಯ ಶಾಲೆಯವರಿಗೂ ಕಳುಹಿಸಬಹುದು.

ಸಂಪರ್ಕ ದುರ್ಬಲವಾಗಿರುವ ಊರುಗಳಲ್ಲಿ ಧ್ವನಿ ತಡವರಿಸುವುದುಂಟು. ಆಗ ವಿಎಲ್‌ಸಿಯ ಆದ್ಯತೆಗಳಲ್ಲಿ ಇನ್‌ಪುಟ್ ವಿಭಾಗಕ್ಕೆ ಹೋಗಿ, ಕ್ಯಾಶಿಂಗ್ ಎಂಬಲ್ಲಿ ಹೆಚ್ಚಿನ ವಿಳಂಬವನ್ನು ಆರಿಸಬೇಕು. ಪ್ಲೇಯರು ಮುಂಚಿತವಾಗಿ ಹೆಚ್ಚು ಧ್ವನಿಯನ್ನು ಕೂಡಿಟ್ಟುಕೊಂಡು ನುಡಿಸತೊಡಗುತ್ತದೆ. ಆರಂಭಕ್ಕೆ ಕೆಲವು ಸೆಕೆಂಡು ಹೆಚ್ಚು ಕಾಯಬೇಕಾದರೂ ನಡುವೆ ತುಂಡಾಗುವುದು ಕಡಿಮೆಯಾಗುತ್ತದೆ.

ಧ್ವನಿಮುದ್ರಣಕ್ಕಾಗಿ ವೀಕ್ಷಣೆಯ ಪಟ್ಟಿಯಲ್ಲಿ ಸುಧಾರಿತ ನಿಯಂತ್ರಣಗಳನ್ನು ಆರಿಸಿದರೆ ಕೆಂಪು ಗುಂಡಿಯೊಂದು ಕಾಣಿಸುತ್ತದೆ. ಅದನ್ನು ಒಮ್ಮೆ ಒತ್ತಿದರೆ ಮುದ್ರಣ ಆರಂಭ, ಮತ್ತೊಮ್ಮೆ ಒತ್ತಿದರೆ ಮುಕ್ತಾಯ. ಮುದ್ರಿತವಾದದ್ದು ಕಂಪ್ಯೂಟರಿನ ಸಂಗೀತದ ಅಥವಾ ವಿಡಿಯೊದ ಫೋಲ್ಡರಿನಲ್ಲಿ ದಿನಾಂಕ, ವೇಳೆಗಳ ಹೆಸರಿನೊಡನೆ ಇರುತ್ತದೆ. ಬರುತ್ತಿರುವ ಧ್ವನಿಯನ್ನು ಅದು ಹಾಗೆಯೇ ಬರೆದಿಡುವುದರಿಂದ ಗುಣಮಟ್ಟ ಕುಂದುವುದಿಲ್ಲ. ಕೋಣೆಯ ಗದ್ದಲವೂ ಸೇರುವುದಿಲ್ಲ. ಸ್ಪೀಕರಿನೆದುರು ಮೊಬೈಲನ್ನು ಹಿಡಿದು ಮುದ್ರಿಸಿಕೊಳ್ಳುವ ರೂಢಿಯನ್ನು ಇನ್ನಾದರೂ ಬಿಡಬೇಕು. ಕಾರ್ಯಕ್ರಮಕ್ಕೆ ಐದು ನಿಮಿಷ ಮೊದಲೇ ಮುದ್ರಣವನ್ನು ಆರಂಭಿಸುವುದು ಒಳ್ಳೆಯದು. ಲ್ಯಾಪ್‌ಟಾಪ್ ತಾನೇ ನಿದ್ರೆಗೆ ಜಾರುವ ಏರ್ಪಾಡನ್ನು ಆ ಹೊತ್ತಿಗೆ ನಿಲ್ಲಿಸಿರಬೇಕು. ಅರ್ಧಕ್ಕೆ ನಿಂತ ನಾಟಕಗಳಲ್ಲಿ ಹೆಚ್ಚಿನವು ಹೀಗೆ ನಿಂತವೇ.

ಮುದ್ರಿತ ಕಡತವು ಹಲವು ವೇಳೆ ಎಎಸಿ ಎಂಬ ಬಗೆಯಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಅದು ಸರಿಯಾಗಿ ನುಡಿದರೂ ಮೆಮೊರಿ ಕಾರ್ಡು ಹಾಕುವ ಅಗ್ಗದ ಸ್ಪೀಕರುಗಳು ಅದನ್ನು ಗುರುತಿಸದಿರುವುದುಂಟು. ವಿಎಲ್‌ಸಿಯಲ್ಲಿಯೇ ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒತ್ತಿ ಅದನ್ನು ಎಂಪಿ3 ಆಗಿ ಪರಿವರ್ತಿಸಬಹುದು. ಮುಂದಿನ ಹಿಂದಿನ ಜಾಹೀರಾತು, ಪ್ರಕಟಣೆಗಳನ್ನು ಕತ್ತರಿಸಿ ತೆಗೆಯಲು 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ಎಂಬ ತಂತ್ರಾಂಶ ಸಾಕು. ಪರಿವರ್ತನೆ ಮೊದಲು, ಕತ್ತರಿಸುವುದು ಬಳಿಕ. ಏಕೆಂದರೆ ಆಡಾಸಿಟಿಯು ಎಎಸಿಯನ್ನು ತೆರೆಯಲು ಬೇರೊಂದು ಸಹಾಯಕ ತಂತ್ರಾಂಶವನ್ನು ಕೇಳುತ್ತದೆ, ಎಂಪಿ3ಯನ್ನು ಹಾಗೆಯೇ ತೆರೆಯುತ್ತದೆ.

ಮೊಬೈಲಿಗೆ

ಕಂಪ್ಯೂಟರಿಲ್ಲದ ಶಾಲೆಗಳಲ್ಲಿ ಶಿಕ್ಷಕರ ಮೊಬೈಲೇ ಬಾನುಲಿ. ಅಲ್ಲಿ ಮೊದಲು ಇರಬೇಕಾದದ್ದು ಪ್ರಸಾರ ಭಾರತಿಯ ನ್ಯೂಸ್ಆನ್‌ಏರ್. ಆಕಾಶವಾಣಿಯ 200ಕ್ಕೂ ಹೆಚ್ಚು ಪ್ರಸಾರಗಳು ಅದರಲ್ಲಿ ದೊರೆಯುತ್ತವೆ. 2024ರ ನವೆಂಬರಿನಲ್ಲಿ ಗೋವಾದಲ್ಲಿ ನಡೆದ ಚಲನಚಿತ್ರೋತ್ಸವದಲ್ಲಿ ಬಿಡುಗಡೆಯಾದ ವೇವ್ಸ್ ಎಂಬುದೂ ಪ್ರಸಾರ ಭಾರತಿಯದೇ. ಅದರಲ್ಲಿ ಬಾನುಲಿಯೊಡನೆ ದೂರದರ್ಶನವೂ ಇದೆ. ಪ್ರಾದೇಶಿಕ ವಾರ್ತೆಗಳ ಧ್ವನಿಯನ್ನು ಪ್ರಸಾರವಾದ ಬಳಿಕವೂ ಆಕಾಶವಾಣಿಯ ವಾರ್ತಾ ತಾಣದಲ್ಲಿ ಕೇಳಬಹುದಾದುದರಿಂದ, ಬೆಳಗಿನ ಕನ್ನಡ ವಾರ್ತೆಯನ್ನು ಮೂರನೆಯ ಅವಧಿಯಲ್ಲಿ ಕೇಳಿಸುವುದು ಇಂದು ಕಷ್ಟವಲ್ಲ.

ಯಾವ ಊರಿಗೆ ಯಾವ ನಿಲಯ ಎಂಬುದನ್ನೂ ಯೋಚಿಸಬೇಕು. ಹಿಂದೆ ತರಂಗವು ತಲುಪಿದ ನಿಲಯವನ್ನೇ ಕೇಳಬೇಕಾಗಿತ್ತು, ಈಗ ಆಯ್ಕೆಯುಂಟು. ಅಕ್ಕಲಕೋಟೆಯ ಮಕ್ಕಳಿಗೆ ಕಲಬುರಗಿಯ ನಿಲಯದಲ್ಲಿ ತಮ್ಮ ಮನೆಯ ಮಾತಿನ ಲಯವೇ ಕೇಳಿಸುತ್ತದೆ. ಜತ್ತಕ್ಕೆ ವಿಜಯಪುರ, ಧಾರವಾಡಗಳು, ತಾಳವಾಡಿ, ವಯನಾಡುಗಳಿಗೆ ಮೈಸೂರು, ಆದೋನಿಗೆ ರಾಯಚೂರು, ರಾಯದುರ್ಗಕ್ಕೆ ಚಿತ್ರದುರ್ಗ, ಹೊಸಪೇಟೆಗಳು ಹಾಗೆಯೇ ಹತ್ತಿರ. ತನ್ನ ಅಜ್ಜಿಯಂತೆ ಮಾತನಾಡುವವರು ಬಾನುಲಿಯಲ್ಲಿ ಬರುತ್ತಾರೆಂದು ತಿಳಿದ ಮಗುವಿಗೆ ತನ್ನ ಮಾತಿನ ಬಗೆಗಿರುವ ಸಂಕೋಚ ಕಡಿಮೆಯಾಗುತ್ತದೆ. ಹತ್ತಿರದ ನಿಲಯದಿಂದ ಆರಂಭಿಸಿ, ಕಿವಿ ಪಳಗಿದ ಬಳಿಕ ದೂರದ ನಿಲಯಕ್ಕೆ ಹೋಗುವುದು ಸೂಕ್ತ ಕ್ರಮ. ಕಲಬುರಗಿಯ ಮಾತನ್ನು ಕಾಸರಗೋಡಿನ ಮಕ್ಕಳೂ ಮಂಗಳೂರಿನ ಮಾತನ್ನು ಸೊಲ್ಲಾಪುರದ ಮಕ್ಕಳೂ ಒಮ್ಮೆ ಕೇಳಬೇಕು. ಮೊದಲ ಸಲ ನಗು ಬರುತ್ತದೆ, ಬರಲಿ.

‘ಕನ್ನಡ ಎಫ್‌ಎಂ’, ‘ಎಲ್ಲ ಕನ್ನಡ ರೇಡಿಯೊ’ ಎಂಬಂಥ ಹೆಸರುಗಳ ಆ್ಯಪ್‌ಗಳು ಹೇರಳವಾಗಿವೆ. ಅವುಗಳಲ್ಲಿ ಬಹಳಷ್ಟು ಬೇರೆಯವರ ಪ್ರಸಾರಕ್ಕೆ ತಮ್ಮ ಜಾಹೀರಾತುಗಳನ್ನು ಅಂಟಿಸಿದಂಥವು. ಇಳಿಸಿಕೊಳ್ಳುವ ಮುನ್ನ ಪ್ರಕಾಶಕರ ಹೆಸರನ್ನು ನೋಡಬೇಕು. ಬಾನುಲಿ ಕೇಳಿಸುವುದಕ್ಕೆ ಮೊಬೈಲಿನಲ್ಲಿರುವ ದೂರವಾಣಿ ಸಂಖ್ಯೆಗಳ ಪಟ್ಟಿಯಾಗಲಿ, ಇರುವ ಸ್ಥಳದ ಮಾಹಿತಿಯಾಗಲಿ ಬೇಕಿಲ್ಲ. ಅವನ್ನು ಕೇಳುವ ಆ್ಯಪ್‌ ಅನ್ನು ಅಳಿಸಿಬಿಡುವುದೇ ಸರಿ. ರೇಡಿಯೊಡ್ರಾಯ್ಡ್ ಎಂಬುದು ಇದಕ್ಕೆ ಒಳ್ಳೆಯ ಪರ್ಯಾಯ. ಅದು ಸ್ವತಂತ್ರ ತಂತ್ರಾಂಶವಾಗಿದ್ದು ಮೇಲೆ ಹೇಳಿದ ರೇಡಿಯೊ ಬ್ರೌಸರ್ ಪಟ್ಟಿಯನ್ನೇ ಬಳಸುತ್ತದೆ. ಮುದ್ರಿಸಿಕೊಳ್ಳುವ ಅನುಕೂಲವೂ ಅದರಲ್ಲಿದೆ. ಭೂಗೋಳವನ್ನು ತಿರುಗಿಸಿ ಊರಿನ ಮೇಲೆ ಬೆರಳಿಟ್ಟರೆ ಅಲ್ಲಿಯ ಬಾನುಲಿ ಕೇಳಿಸುವ ರೇಡಿಯೊ ಗಾರ್ಡನ್ 2016ರಲ್ಲಿ ನೆದರ್‌ಲ್ಯಾಂಡಿನಲ್ಲಿ ರೂಪುಗೊಂಡದ್ದು. ಸಮಾಜವಿಜ್ಞಾನದ ತರಗತಿಗೂ ಅದು ಸೊಗಸಾದ ಸಾಧನ. ಆದರೆ ಸೇವೆಯೊಂದರ ಮೇಲೆ ಕೇಳುಗರಿಗೆ ಹಿಡಿತವಿಲ್ಲವೆಂಬುದಕ್ಕೆ ಅದೂ ಉದಾಹರಣೆಯೇ: 2022ರಲ್ಲಿ ಹಕ್ಕುಸ್ವಾಮ್ಯದ ಕಾರಣದಿಂದ ಬ್ರಿಟನ್ನಿನ ಕೇಳುಗರಿಗೆ ಅದರಲ್ಲಿ ಹೊರದೇಶಗಳ ನಿಲಯಗಳು ಸಿಗದಂತಾದವು.

ಧ್ವನಿಮುದ್ರಿತ ಕಾರ್ಯಕ್ರಮಗಳಿಗೆ ಮೊಬೈಲಿನಲ್ಲಿ ಆಂಟೆನಾಪಾಡ್ ಎಂಬ ಸ್ವತಂತ್ರ ತಂತ್ರಾಂಶವು ತುಂಬ ಉಪಯುಕ್ತ. ಪಾಡ್‌ಕಾಸ್ಟ್ ಸರಣಿಗಳನ್ನು ವೈಫೈ ಇರುವಾಗ ಮಾತ್ರ ತಾನಾಗಿಯೇ ಇಳಿಸಿಡುವಂತೆ ಅದನ್ನು ಹೊಂದಿಸಬಹುದು. ಪೇಟೆಯಲ್ಲಿರುವಾಗ ಇಳಿದ ಕಂತನ್ನು ಸಂಪರ್ಕವಿಲ್ಲದ ಶಾಲೆಯಲ್ಲಿ ಕೇಳಿಸಬಹುದು. ಅಷ್ಟೇ ಅಲ್ಲ, ಮೊಬೈಲಿನಲ್ಲಿರುವ ಒಂದು ಫೋಲ್ಡರನ್ನೇ ಸರಣಿಯಂತೆ ಸೇರಿಸಿಕೊಳ್ಳುವ ಏರ್ಪಾಡು ಅದರಲ್ಲಿದೆ. ಶಿಕ್ಷಕರು ತಾವು ಮುದ್ರಿಸಿದ ಕಾರ್ಯಕ್ರಮಗಳನ್ನು ಆ ಫೋಲ್ಡರಿನಲ್ಲಿ ಹಾಕಿದರೆ ಯಾವುದನ್ನು ಕೇಳಿ ಮುಗಿಯಿತು, ಯಾವುದು ಎಲ್ಲಿಗೆ ನಿಂತಿತು ಎಂಬುದನ್ನು ಅದೇ ನೆನಪಿಡುತ್ತದೆ. ಮೂವತ್ತು ನಿಮಿಷದ ನಾಟಕವನ್ನು ಮೂರು ದಿನ ಹತ್ತು ಹತ್ತು ನಿಮಿಷ ಕೇಳಿಸುವವರಿಗೆ ಇದರ ಬೆಲೆ ತಿಳಿಯುತ್ತದೆ. ಸಾಮಾನ್ಯ ಸಂಗೀತದ ಪ್ಲೇಯರುಗಳು ಹಾಡಿಗಾಗಿ ರಚಿತವಾದಂಥವು. ಅವುಗಳಲ್ಲಿ ಹೆಚ್ಚಿನವು ಕಡತವನ್ನು ಪ್ರತಿ ಸಲವೂ ಮೊದಲಿನಿಂದಲೇ ಆರಂಭಿಸುತ್ತವೆ. ಆಂಟೆನಾಪಾಡಿನ ಸರಣಿಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಹೊರತೆಗೆದಿರಿಸಿದರೆ ಮೊಬೈಲು ಕೆಟ್ಟರೂ ಪಟ್ಟಿ ಉಳಿಯುತ್ತದೆ.

ಕಾನೂನಿನ ಮಿತಿ

ಬಾನುಲಿಯ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದು ಅಪರಾಧವಲ್ಲವೇ ಎಂಬ ಅಳುಕು ಅನೇಕ ಶಿಕ್ಷಕರಲ್ಲಿದೆ. 1957ರ ಹಕ್ಕುಸ್ವಾಮ್ಯ ಅಧಿನಿಯಮದ 37ನೆಯ ಪ್ರಕರಣವು ಪ್ರಸಾರ ಮಾಡಿದವರಿಗೆ ಆ ಪ್ರಸಾರದ ಮೇಲೆ 25 ವರ್ಷಗಳ ಹಕ್ಕನ್ನು ಕೊಡುತ್ತದೆ. ಆದರೆ 39ನೆಯ ಪ್ರಕರಣವು ಸ್ವಂತ ಬಳಕೆಗಾಗಿ, ಅಥವಾ ಪ್ರಾಮಾಣಿಕವಾದ ಬೋಧನೆಗಾಗಿ ಇಲ್ಲವೇ ಸಂಶೋಧನೆಗಾಗಿಯೇ ಮಾಡಿಕೊಂಡ ಧ್ವನಿಮುದ್ರಣವು ಆ ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳುತ್ತದೆ. ಶಾಲೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಇಷ್ಟೇ ಇರುವ ಸಭೆಯಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸುವುದಕ್ಕೆ 52ನೆಯ ಪ್ರಕರಣವು ಅವಕಾಶ ಕೊಡುತ್ತದೆ. ಅಂದರೆ ತರಗತಿಗಾಗಿ ಮುದ್ರಿಸಿ ತರಗತಿಯಲ್ಲಿ ಕೇಳಿಸುವವರು ಅಂಜಬೇಕಾಗಿಲ್ಲ. ಆದರೆ ಅದೇ ನಾಟಕವನ್ನು ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚುವುದು, ಸ್ವಂತ ಯೂಟ್ಯೂಬ್ ವಾಹಿನಿಯಲ್ಲಿ ಏರಿಸುವುದು ಬೋಧನೆಯ ಎಲ್ಲೆಯನ್ನು ದಾಟಿದಂತೆ. ಅಲ್ಲಿ ಈ ರಕ್ಷಣೆಯನ್ನು ನೆಚ್ಚುವಂತಿಲ್ಲ.

ತರಗತಿಯಲ್ಲಿ

ಪ್ಲೇಯರಿನ ಕೆಲವು ಚಿಕ್ಕ ಅನುಕೂಲಗಳು ಭಾಷಾ ಬೋಧನೆಗಾಗಿಯೇ ಹೇಳಿ ಮಾಡಿಸಿದಂತಿವೆ. ವಿಎಲ್‌ಸಿಯಲ್ಲಿ ಎಡದ ಚೌಕ ಆವರಣದ ಕೀಲಿಯನ್ನು ಒತ್ತಿದರೆ ಮಾತಿನ ವೇಗ ಇಳಿಯುತ್ತದೆ, ಬಲದ್ದನ್ನು ಒತ್ತಿದರೆ ಏರುತ್ತದೆ, ಸಮ ಚಿಹ್ನೆಯನ್ನು ಒತ್ತಿದರೆ ಮೊದಲಿನಂತಾಗುತ್ತದೆ. ವೇಗ ಇಳಿದರೂ ದನಿ ಗಡಸಾಗುವುದಿಲ್ಲ. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳಿಗೆ ವಾರ್ತೆಯನ್ನು ಮೊದಲ ಸಲ ಮುಕ್ಕಾಲು ವೇಗದಲ್ಲಿ, ಎರಡನೆಯ ಸಲ ಪೂರ್ಣ ವೇಗದಲ್ಲಿ ಕೇಳಿಸಬಹುದು. ಅರ್ಧ ವೇಗ ಬೇಡ. ಅದರಲ್ಲಿ ಮಾತಿನ ಏರಿಳಿತವೇ ಕಳೆದುಹೋಗುತ್ತದೆ. ಉಕ್ತಲೇಖನಕ್ಕೆ ಶಿಫ್ಟ್ ಕೀಲಿಯೊಡನೆ ಎಡದ ಬಾಣವನ್ನು ಒತ್ತಿದರೆ ಮೂರು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಒಂದೇ ವಾಕ್ಯ ಮತ್ತೆ ಮತ್ತೆ ಬೇಕಾದಾಗ ಸುಧಾರಿತ ನಿಯಂತ್ರಣಗಳಲ್ಲಿರುವ ಎ-ಬಿ ಗುಂಡಿಯನ್ನು ವಾಕ್ಯದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಒತ್ತಬೇಕು. ಅಷ್ಟು ಭಾಗ ನಿಲ್ಲಿಸುವವರೆಗೂ ತಿರುಗುತ್ತಿರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ, ಲಕಾರ ಳಕಾರಗಳ ಭೇದವನ್ನು ಕಿವಿಗೆ ಹತ್ತಿಸಲು ಇದಕ್ಕಿಂತ ಸರಳವಾದ ಉಪಾಯ ಕಾಣದು.

ಒಂದು ಅವಧಿಯಲ್ಲಿ ಐದರಿಂದ ಎಂಟು ನಿಮಿಷದ ಧ್ವನಿ ಸಾಕು. ಕೇಳುವ ಮುನ್ನ ಒಂದೆರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದಿರಬೇಕು. ಇಲ್ಲವಾದರೆ ಮಕ್ಕಳು ಸುಮ್ಮನೆ ಕುಳಿತಿರುತ್ತಾರೆಯೇ ಹೊರತು ಆಲಿಸುವುದಿಲ್ಲ. ನಲವತ್ತು ಮಕ್ಕಳಿರುವ ಕೋಣೆಗೆ ಮೊಬೈಲಿನ ಸ್ವಂತ ದನಿ ಸಾಲದು. ಚಿಕ್ಕ ಸ್ಪೀಕರನ್ನು ಮೇಜಿನ ಮೇಲೆ ಇಡುವುದಕ್ಕಿಂತ, ಕೋಣೆಯ ಮೂಲೆಯಲ್ಲಿ, ಮಕ್ಕಳ ಕಿವಿಯ ಎತ್ತರಕ್ಕೆ, ಗೋಡೆಗೆ ಬೆನ್ನು ಮಾಡಿ ಇರಿಸಿದರೆ ಮಾತು ಹೆಚ್ಚು ದೂರ ಸ್ಪಷ್ಟವಾಗಿ ಕೇಳಿಸುತ್ತದೆ. ಬ್ಲೂಟೂತ್ ಆಗಾಗ ಕಡಿದುಹೋಗುವಲ್ಲಿ ತಂತಿಯೇ ವಾಸಿ.

ಕಡತಗಳಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ, ನಿಲಯ, ವಿಷಯ ಎಂಬ ಕ್ರಮವನ್ನು ಅನುಸರಿಸಿದರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಮೆಮೊರಿ ಕಾರ್ಡಿನಿಂದ ನುಡಿಸುವ ಅನೇಕ ಸ್ಪೀಕರುಗಳು ಹೆಸರನ್ನು ನೋಡದೆ ನಕಲು ಮಾಡಿದ ಕ್ರಮದಲ್ಲಿಯೇ ಸಾಗುವುದರಿಂದ, ವಾರದ ಪಾಠಕ್ಕೆ ಬೇಕಾದವನ್ನು ಬೇಕಾದ ಕ್ರಮದಲ್ಲಿಯೇ ಒಂದೊಂದಾಗಿ ನಕಲು ಮಾಡಬೇಕು. ಯಾವ ಕಡತದಲ್ಲಿ ಯಾವ ನಿಮಿಷಕ್ಕೆ ಏನಿದೆ, ಯಾವ ತರಗತಿಗೆ ಒಪ್ಪುತ್ತದೆ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು ಶಾಲೆಯ ಗ್ರಂಥಾಲಯದಲ್ಲಿ ಇರಿಸುವುದು ಅಗತ್ಯ. ಗಡಿನಾಡಿನ ಶಾಲೆಗಳಲ್ಲಿ ಕನ್ನಡ ಶಿಕ್ಷಕರು ವರ್ಗವಾಗಿ ಹೋದ ಬಳಿಕ ಬಹುಕಾಲ ಹುದ್ದೆ ಖಾಲಿ ಉಳಿಯುವುದುಂಟು. ಅಂಥ ತಿಂಗಳುಗಳಲ್ಲಿ ಬೇರೆ ವಿಷಯದ ಶಿಕ್ಷಕರೊಬ್ಬರು ಆ ಪುಸ್ತಕವನ್ನು ನೋಡಿ, ಪೆನ್‌ಡ್ರೈವನ್ನು ಹಚ್ಚಿ, ಮಕ್ಕಳಿಗೆ ದಿನಕ್ಕೆ ಹತ್ತು ನಿಮಿಷವಾದರೂ ಕನ್ನಡವನ್ನು ಕೇಳಿಸುವಂತಿರಬೇಕು.